ಗೋಡೆ ನೋಡಿದ್ದು ಸಾಕು, ಆಟೋಕ್ಲೇವ್ ಬಾಗಿಲು ತೆಗೆಸಿ

ಆಂಬೂರು ಬಿರಿಯಾನಿ ತಿಂದವರಿಗೆ ವಾಣಿಯಂಬಾಡಿ ಗೊತ್ತಿರುತ್ತೆ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ಕೃಷ್ಣಗಿರಿ ದಾಟಿದ ಮೇಲೆ, ಆಂಬೂರಿಗಿಂತ ಸ್ವಲ್ಪ ಮೊದಲು ಸಿಗುವ ಊರು. ಚರ್ಮ ಹದ ಮಾಡುವ ಕಾರ್ಖಾನೆಗಳಿಗೆ ಹೆಸರುವಾಸಿ. 2022–23ರಲ್ಲಿ ಆ ಊರಿನ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋಗಿ ಬಂದವರಲ್ಲಿ 10 ಜನರಿಗೆ ಮಿದುಳಿನ ಸೋಂಕು ತಗುಲಿತು. ಆ 10 ಜನರಲ್ಲಿ 8 ಜನ ಸತ್ತರು. ಹಲ್ಲು ನೋವು ಅಂತ ಹೋದವರು ಸ್ವಾಮಿ, ಹೃದಯದ ಆಪರೇಷನ್‌ಗೆ ಹೋದವರಲ್ಲ.

ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವೈದ್ಯರು, ಐಸಿಎಂಆರ್‌ನ ತಜ್ಞರು ಮತ್ತು ತಮಿಳುನಾಡಿನ ಸಾರ್ವಜನಿಕ ಆರೋಗ್ಯ ಇಲಾಖೆಯವರು ಸೇರಿ ಇದರ ಬೆನ್ನು ಹತ್ತಿದರು. 2025ರಲ್ಲಿ ಲ್ಯಾನ್ಸೆಟ್ ಬಳಗದ ಒಂದು ಪತ್ರಿಕೆಯಲ್ಲಿ ವರದಿ ಪ್ರಕಟವಾಯಿತು. ರೋಗಾಣು ಮೆಲಿಯಾಯ್ಡೋಸಿಸ್ ತರುವ ಬ್ಯಾಕ್ಟೀರಿಯಾ. ಮಣ್ಣಿನಲ್ಲಿ, ನೀರಿನಲ್ಲಿ ಇರುವಂಥದ್ದು. ನಮ್ಮ ಉಡುಪಿ, ದಕ್ಷಿಣ ಕನ್ನಡದ ಕಡೆಯೂ ಮಳೆಗಾಲ ಬಂತೆಂದರೆ ಈ ಕಾಯಿಲೆ ಕಾಣಿಸಿಕೊಳ್ಳುತ್ತಲೇ ಇದೆ, ಮಣಿಪಾಲದ ವೈದ್ಯರನ್ನು ಕೇಳಿದರೆ ಹೇಳುತ್ತಾರೆ. ಆದರೆ ವಾಣಿಯಂಬಾಡಿಯಲ್ಲಿ ಅದು ಬಾಯಿಗೆ ಹೋದ ದಾರಿ ಯಾವುದು ಅಂದರೆ, ಒಂದು ಸಲೈನ್ ಬಾಟಲಿ. ಒಸಡು ಬಿಡಿಸುವ ಉಪಕರಣದಿಂದಲೇ ಬಾಟಲಿಯ ಮುಚ್ಚಳ ತೆಗೆದು, ಉಳಿದದ್ದನ್ನು ಸಡಿಲವಾಗಿ ಮುಚ್ಚಿಟ್ಟು, ಮತ್ತೆ ಇನ್ನೊಬ್ಬರಿಗೆ ಬಳಸುತ್ತಿದ್ದರು ಎಂಬುದು ತನಿಖೆಯಲ್ಲಿ ಕಂಡ ಸಂಗತಿ.

ಒಂದು ಬಾಟಲಿ ಸಲೈನ್‌ಗೆ ಎಷ್ಟು ದುಡ್ಡು? ಒಂದು ಮಸಾಲೆ ದೋಸೆಯಷ್ಟು.

ಈಗ ನನ್ನ ಪ್ರಶ್ನೆ ಕೇಳಿ. ಆ ಬಾಟಲಿಯನ್ನು ಹಿಡಿಯುವಂಥ ತಪಾಸಣೆ ನಮ್ಮ ಕರ್ನಾಟಕದಲ್ಲಿ ಇದೆಯೇ? ಒಬ್ಬ ಅಧಿಕಾರಿ ಹಲ್ಲಿನ ಕ್ಲಿನಿಕ್ಕಿಗೆ ಬಂದು, ಟ್ರಾಲಿಯ ಮೇಲಿರುವ ಅರ್ಧ ಖಾಲಿಯಾದ ಬಾಟಲಿಯನ್ನು ಎತ್ತಿ ಹಿಡಿದು, ‘ಇದನ್ನು ಯಾವಾಗ ತೆಗೆದಿದ್ದು, ಯಾತರಿಂದ ತೆಗೆದಿದ್ದು?’ ಅಂತ ಕೇಳಿದ್ದನ್ನು ಯಾರಾದರೂ ನೋಡಿದ್ದೀರಾ? ನಾನು ನೋಡಿಲ್ಲ. ನಾನೂ ಹಲ್ಲಿನ ಡಾಕ್ಟರೇ. ತಾಲ್ಲೂಕು ಕೇಂದ್ರವೊಂದರಲ್ಲಿ ಇಪ್ಪತ್ತು ವರ್ಷದಿಂದ ಜನರ ಬಾಯಿ ತೆಗೆಸುತ್ತಿದ್ದೇನೆ. ಆದ್ದರಿಂದ ‘ಡಾಕ್ಟರುಗಳ ಕಷ್ಟ ನಿಮಗೇನು ಗೊತ್ತು’ ಅಂತ ನನಗೆ ಹೇಳಬೇಡಿ. ಗೊತ್ತಿರುವುದರಿಂದಲೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಹಲ್ಲಿನ ಡಾಕ್ಟರ್ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. 1948ರ ದಂತವೈದ್ಯರ ಕಾಯ್ದೆಯ ಕಾಲದಿಂದ ಇದೆ ಅದು. ಈಗ 2023ರ ರಾಷ್ಟ್ರೀಯ ದಂತ ಆಯೋಗದ ಕಾಯ್ದೆಯೂ ಬಂದಿದೆ. ಕ್ಲಿನಿಕ್ಕಿಗೆ 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಬೇಕು. ಕಸಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಇದೆ, ಹಳದಿ ಚೀಲ, ಕೆಂಪು ಚೀಲ, ಸೂಜಿಗೆ ಬಿಳಿ ಡಬ್ಬ, ಗಾಜಿಗೆ ನೀಲಿ. ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಇಷ್ಟೆಲ್ಲ ಇದ್ದೂ ಒಂದು ವಿಷಯ ಯಾರ ಪಾಲಿಗೂ ಬಂದಿಲ್ಲ. ಈ ಬಾಯಿಂದ ತೆಗೆದ ಉಪಕರಣ ಆ ಬಾಯಿಗೆ ಹೋಗುವ ಮುಂಚೆ ನಿಜವಾಗಿ ಶುದ್ಧವಾಯಿತೇ ಇಲ್ಲವೇ ಎಂದು ನೋಡುವುದು. ನಿಯಮದ ಪುಸ್ತಕದಲ್ಲಿ ‘ಸೋಂಕು ನಿಯಂತ್ರಣ’ ಅನ್ನುವ ಪದ ಇರಬಹುದು. ನೋಡುವ ಕಣ್ಣು ಇಲ್ಲ.

ತಪಾಸಣೆ ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ. ಜೀಪು ಬಂದು ನಿಲ್ಲುತ್ತೆ. ಮೂವರು ಇಳಿಯುತ್ತಾರೆ. ಪದವಿ ಪ್ರಮಾಣಪತ್ರ ಎಲ್ಲಿ? ಗೋಡೆ ಮೇಲೆ ಇದೆ ಸಾರ್. ಕೆಪಿಎಂಇ ಸರ್ಟಿಫಿಕೇಟ್? ಅದರ ಪಕ್ಕ ಸಾರ್. ದರಪಟ್ಟಿ ಹಾಕಿದ್ದೀರಾ? ಬಾಗಿಲ ಹತ್ತಿರ ಸಾರ್. ಕಸದ ಚೀಲದ ಕರಾರುಪತ್ರ? ಫೈಲಿನಲ್ಲಿದೆ ಸಾರ್. ಒಬ್ಬರು ಬರೆದುಕೊಳ್ಳುತ್ತಾರೆ, ಒಬ್ಬರು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ, ಇನ್ನೊಬ್ಬರು ಕುರ್ಚಿಯ ಕಡೆ ನೋಡಿ ‘ಇದಕ್ಕೆ ಎಷ್ಟಾಗುತ್ತೆ ಡಾಕ್ಟ್ರೇ?’ ಅಂತ ಕೇಳುತ್ತಾರೆ. ಹತ್ತು ನಿಮಿಷ. ಎಲ್ಲ ಗೋಡೆ ಮೇಲಿನದು. ಉಪಕರಣ ತೊಳೆಯುವ ಒಳಕೋಣೆಗೆ ಕಾಲಿಡುವುದಿಲ್ಲ. ನಾನು ಕಂಡ ಪರಿಶೀಲನೆಗಳೆಲ್ಲ ಹೆಚ್ಚುಕಡಿಮೆ ಹೀಗೇ. ಬಂದವರು ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಅವರ ಕೈಗೆ ಕೊಟ್ಟ ನಮೂನೆಯಲ್ಲಿ ಗೋಡೆ ಮಾತ್ರ ಇದೆ.

ಇನ್ನೊಂದು ಥರದ ತಪಾಸಣೆ ಇದೆ, ನಕಲಿ ವೈದ್ಯರ ಬೇಟೆ. ಪೇಪರಿನಲ್ಲಿ ಫೋಟೊ ಬರುತ್ತೆ, ಬೀಗ ಜಡಿದ ಅಂಗಡಿ, ಪಕ್ಕದಲ್ಲಿ ಅಧಿಕಾರಿಗಳು. ಒಳ್ಳೆಯ ಕೆಲಸವೇ. ಸಂತೆಯಲ್ಲಿ ಕೂತು ಅಂಟು ಹಾಕಿ ಹಲ್ಲು ಕೂರಿಸುವವರು ಎಷ್ಟು ಒಸಡು ಕೆಡಿಸಿದ್ದಾರೆ ಅಂತ ನಾನು ಕಂಡಿದ್ದೇನೆ. ಆದರೆ ಈ ಬೇಟೆಯಿಂದ ಜನರ ತಲೆಯಲ್ಲಿ ಒಂದು ತಪ್ಪು ಲೆಕ್ಕ ಕೂತಿದೆ. ಡಿಗ್ರಿ ಇದ್ದರೆ ಸುರಕ್ಷಿತ, ಇಲ್ಲದಿದ್ದರೆ ಅಪಾಯ. ಬ್ಯಾಕ್ಟೀರಿಯಾಗೆ ಓದು ಬರಹ ಬರುವುದಿಲ್ಲ. ಗೋಡೆ ಮೇಲೆ ಬಿಡಿಎಸ್ ಇದೆಯೋ ಎಂಡಿಎಸ್ ಇದೆಯೋ ಅಂತ ಅದು ನೋಡುವುದಿಲ್ಲ. ವಾಣಿಯಂಬಾಡಿಯಲ್ಲಿ ಜನ ಸತ್ತದ್ದು ಬಾಟಲಿಯಿಂದ. ಯಾವ ಪ್ರಮಾಣಪತ್ರ ನೋಡಿದರೂ ಆ ಬಾಟಲಿ ಸಿಗುತ್ತಿರಲಿಲ್ಲ.

ಹಾಗಾದರೆ ಏನು ನೋಡಬೇಕು? ಮೊದಲನೆಯದು ಆಟೋಕ್ಲೇವ್.

ಆಟೋಕ್ಲೇವ್ ಅಂದರೆ ದೊಡ್ಡ ವಿಜ್ಞಾನವೇನಲ್ಲ, ನಿಮ್ಮ ಮನೆಯ ಕುಕ್ಕರಿನ ಅಣ್ಣ. ಒತ್ತಡದಲ್ಲಿ ನೀರಿನ ಆವಿ 121 ಡಿಗ್ರಿ ಮುಟ್ಟಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲಬೇಕು, ಇಲ್ಲವೇ 134 ಡಿಗ್ರಿಯಲ್ಲಿ ಮೂರು ನಾಲ್ಕು ನಿಮಿಷ. ಬರೀ ಕುದಿಸಿದರೆ 100 ಡಿಗ್ರಿ ದಾಟುವುದಿಲ್ಲ, ಕೆಲವು ರೋಗಾಣುಗಳ ಬೀಜಕಗಳು ಅದರಲ್ಲಿ ಸಾಯುವುದಿಲ್ಲ. ಕುಕ್ಕರಿಗೂ ಆಟೋಕ್ಲೇವಿಗೂ ಇರುವ ದೊಡ್ಡ ವ್ಯತ್ಯಾಸ ಇಷ್ಟೇ. ಗ್ಯಾಸ್ಕೆಟ್ ಸಡಿಲವಾಗಿ ಅನ್ನ ಬೇಯದಿದ್ದರೆ ಮೊದಲ ತುತ್ತಿಗೇ ಗೊತ್ತಾಗುತ್ತೆ, ಮನೆಯವರು ಬೈಯುತ್ತಾರೆ. ಉಪಕರಣ ‘ಬೇಯದಿದ್ದರೆ’ ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರಿಗೂ ಇಲ್ಲ. ಮೀಟರಿನ ಮುಳ್ಳು ಸರಿಯಾದ ಜಾಗದಲ್ಲೇ ನಿಂತಿರುತ್ತೆ, ಪೊಟ್ಟಣದ ಮೇಲಿನ ಪಟ್ಟಿಯ ಬಣ್ಣವೂ ಬದಲಾಗಿರುತ್ತೆ. ಆ ಪಟ್ಟಿ ಹೇಳುವುದು ‘ನನಗೆ ಬಿಸಿ ತಾಗಿತು’ ಅಂತ ಮಾತ್ರ. ಒಳಗಿದ್ದ ರೋಗಾಣು ಸತ್ತಿತು ಅಂತ ಅಲ್ಲ.

ಸತ್ತಿತೇ ಇಲ್ಲವೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ, ಸ್ಪೋರ್ ಟೆಸ್ಟ್. ಬಿಸಿಯನ್ನು ತಡೆದುಕೊಳ್ಳುವ, ಆದರೆ ನಮಗೆ ತೊಂದರೆ ಮಾಡದ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಗಳನ್ನು ಕಾಗದದ ಚೂರಿನಲ್ಲೋ ಪುಟ್ಟ ಶೀಶೆಯಲ್ಲೋ ಹಾಕಿರುತ್ತಾರೆ. ಅದನ್ನು ಉಪಕರಣಗಳ ನಡುವೆ ಇಟ್ಟು ಆಟೋಕ್ಲೇವ್ ಓಡಿಸಬೇಕು, ಆಮೇಲೆ ಬೆಚ್ಚಗಿನ ಜಾಗದಲ್ಲಿ ಬೆಳೆಯಲು ಬಿಡಬೇಕು. ಏನೂ ಬೆಳೆಯದಿದ್ದರೆ ಯಂತ್ರ ಪಾಸು. ಬೆಳೆದರೆ ಫೇಲು. ವಾರಕ್ಕೊಮ್ಮೆ ಮಾಡಿ ಅಂತ ಅಮೆರಿಕದ ಸಿಡಿಸಿ ಹೇಳುತ್ತೆ. ದೊಡ್ಡ ಖರ್ಚಿನ ಬಾಬತ್ತಲ್ಲ. ನಮ್ಮ ಸಣ್ಣ ಊರುಗಳಲ್ಲಿ ಇದನ್ನು ತಪ್ಪದೆ ಮಾಡುವ ಕ್ಲಿನಿಕ್ಕುಗಳನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಮಾಡದಿದ್ದರೆ ಏನಾಗುತ್ತೆ ಅನ್ನುವವರಿಗೆ ಅಮೆರಿಕದ್ದೇ ಉದಾಹರಣೆ. 2013ರಲ್ಲಿ ಒಕ್ಲಹೋಮ ರಾಜ್ಯದ ಟಲ್ಸಾ ಎಂಬಲ್ಲಿ, ರೋಗಿಯೊಬ್ಬರಿಗೆ ಸೋಂಕು ಎಲ್ಲಿಂದ ಬಂತು ಎಂದು ಹುಡುಕುತ್ತ ಅಧಿಕಾರಿಗಳು ಒಬ್ಬ ಬಾಯಿ ಶಸ್ತ್ರಚಿಕಿತ್ಸಕರ ಕ್ಲಿನಿಕ್ಕಿಗೆ ಹೋದರು. ತುಕ್ಕು ಹಿಡಿದ ಉಪಕರಣ ಸಿಕ್ಕಿತು. ಆಟೋಕ್ಲೇವಿಗೆ ಆರು ವರ್ಷದಿಂದ ಇಂಥ ಪರೀಕ್ಷೆಯೇ ಆಗಿರಲಿಲ್ಲ. ಸುಮಾರು 7,000 ರೋಗಿಗಳಿಗೆ ‘ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ’ ಅಂತ ಕಾಗದ ಹೋಯಿತು. ಹಲ್ಲಿನ ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ಹೆಪಟೈಟಿಸ್ ಸಿ ಹರಡಿದ್ದು ಆ ದೇಶದಲ್ಲಿ ಮೊದಲ ಬಾರಿಗೆ ಖಚಿತವಾಗಿ ದಾಖಲಾದದ್ದು ಅಲ್ಲೇ. ಗಮನಿಸಿ, ಆ ಡಾಕ್ಟರಿಗೆ ಡಿಗ್ರಿ ಇತ್ತು, ದಶಕಗಳ ಅನುಭವ ಇತ್ತು.

ನಮ್ಮಲ್ಲಿ ತಕ್ಕಡಿಗೆ ಮುದ್ರೆ ಹಾಕುತ್ತಾರೆ. ಕಿರಾಣಿ ಅಂಗಡಿಯವನು ಐವತ್ತು ಗ್ರಾಂ ಸಕ್ಕರೆ ಕಡಿಮೆ ಕೊಡಬಾರದು ಅಂತ ಅವಧಿಗೊಮ್ಮೆ ಬಂದು ತೂಕದ ಕಲ್ಲು ಇಟ್ಟು ನೋಡುವ ಇಲಾಖೆಯೇ ಇದೆ. ಬಾಡಿಗೆ ಆಟೋಗೆ ಎಫ್‌ಸಿ ಇದೆ, ಬ್ರೇಕ್ ಹಿಡಿಯುತ್ತಾ ಅಂತ ನೋಡುತ್ತಾರೆ. ಆಟೋದ ಆರ್‌ಸಿ ಪುಸ್ತಕ ನೋಡಿ ‘ಬ್ರೇಕ್ ಸರಿ ಇದೆ’ ಅಂತ ಬರೆದುಕೊಟ್ಟರೆ ನೀವು ಒಪ್ಪುತ್ತೀರಾ? ಹಲ್ಲಿನ ಕ್ಲಿನಿಕ್ಕಿನ ವಿಷಯದಲ್ಲಿ ನಾವು ಒಪ್ಪಿಕೊಂಡಿರುವುದು ಅದನ್ನೇ.

ಎರಡನೆಯದು ಕಣ್ಣಿಗೆ ಮೋಸ ಮಾಡುವ ವಸ್ತುಗಳು. ಕ್ಲಿನಿಕ್ಕಿನ ಮೂಲೆಯಲ್ಲಿ ನೀಲಿ ಬೆಳಕು ಸೂಸುವ ಗಾಜಿನ ಪೆಟ್ಟಿಗೆ ನೋಡಿರುತ್ತೀರಿ. ಯುವಿ ಚೇಂಬರ್. ರೋಗಿಗಳಿಗೆ ಅದನ್ನು ಕಂಡರೆ ಏನೋ ನೆಮ್ಮದಿ, ‘ಪರವಾಗಿಲ್ಲ, ಇಲ್ಲಿ ಎಲ್ಲ ಕ್ಲೀನು’ ಅಂತ. ಅದು ಈಗಾಗಲೇ ಶುದ್ಧವಾದದ್ದನ್ನು ಇಡುವ ಪೆಟ್ಟಿಗೆ, ಕೊಳೆಯಾದದ್ದನ್ನು ಶುದ್ಧ ಮಾಡುವ ಯಂತ್ರ ಅಲ್ಲ. ಬೆಳಕು ಬೀಳದ ಕಡೆ, ಸಂದಿಯಲ್ಲಿ, ಹಲ್ಲು ಕೀಳುವ ಇಕ್ಕಳದ ಕೀಲಿನಲ್ಲಿ ಅದರಿಂದ ಏನೂ ಆಗುವುದಿಲ್ಲ. ಇನ್ನೊಂದು, ಟ್ರೇಯಲ್ಲಿ ಹಸಿರು ದ್ರಾವಣ ಹಾಕಿ ಉಪಕರಣ ಮುಳುಗಿಸಿಡುವುದು. ಗ್ಲುಟರಾಲ್ಡಿಹೈಡ್‌ನಲ್ಲಿ ಬೀಜಕಗಳೂ ಸಾಯಬೇಕಾದರೆ ಹತ್ತು ಗಂಟೆ ಬೇಕು. ಶಾಲೆಗಳಲ್ಲಿ ‘ಉಚಿತ ದಂತ ತಪಾಸಣಾ ಶಿಬಿರ’ ನಡೆಯುತ್ತಲ್ಲ, ಅಲ್ಲಿ ಒಂದು ಬೆಳಿಗ್ಗೆ ಇನ್ನೂರು ಮಕ್ಕಳ ಬಾಯಿ ನೋಡುತ್ತಾರೆ. ಪುಟ್ಟ ಕನ್ನಡಿ ಎಷ್ಟು ತಂದಿದ್ದರು, ಎಷ್ಟು ಹೊತ್ತು ಮುಳುಗಿಸಿದ್ದರು ಅಂತ ಯಾವ ಮುಖ್ಯೋಪಾಧ್ಯಾಯರೂ ಕೇಳುವುದಿಲ್ಲ. ಬ್ಯಾನರಿನಲ್ಲಿ ಶಾಸಕರ ಫೋಟೊ ಸರಿಯಾಗಿ ಬಂದಿದೆಯಾ ಅಂತ ಮಾತ್ರ ಎಲ್ಲರೂ ನೋಡುತ್ತಾರೆ.

ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಹ್ಯಾಂಡ್‌ಪೀಸ್. ಹಲ್ಲು ಕೊರೆಯುವಾಗ ಕೀಂ ಅಂತ ಸದ್ದು ಮಾಡುತ್ತಲ್ಲ, ಅದು. ಒಳಗೆ ಗಾಳಿಯಿಂದ ತಿರುಗುವ ಪುಟ್ಟ ಚಕ್ರ. ನಿಲ್ಲಿಸಿದಾಗ ಅದು ಬಾಯೊಳಗಿನ ಎಂಜಲು, ರಕ್ತವನ್ನು ಸ್ವಲ್ಪ ಒಳಕ್ಕೆ ಎಳೆದುಕೊಳ್ಳುತ್ತೆ. ಮುಂದಿನವರ ಬಾಯಲ್ಲಿ ಶುರುಮಾಡಿದಾಗ ಹೊರಗೆ ಊದುತ್ತೆ. ಹೊರಮೈಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಒಳಗಿನದ್ದಕ್ಕೆ ಏನೂ ಆಗುವುದಿಲ್ಲ. ಆದ್ದರಿಂದ ಪ್ರತಿ ರೋಗಿಗೂ ಆಟೋಕ್ಲೇವ್ ಮಾಡಿದ ಹ್ಯಾಂಡ್‌ಪೀಸ್ ಬೇಕು. ಪಠ್ಯಪುಸ್ತಕದಲ್ಲಿ ನಾವೆಲ್ಲ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೇವೆ.

ಈಗ ಒಂದು ಲೆಕ್ಕ. ಒಂದು ಕ್ಲಿನಿಕ್ ಅಂದುಕೊಳ್ಳಿ. ಒಂದು ದಿನ 18 ಜನರಿಗೆ ಹಲ್ಲು ಕೊರೆಯುವ ಕೆಲಸ ಆಯಿತು. ಹ್ಯಾಂಡ್‌ಪೀಸ್ ಇರುವುದು 3. ಅವತ್ತು ಆಟೋಕ್ಲೇವ್ ಓಡಿದ್ದು ಮಧ್ಯಾಹ್ನ ಒಂದು ಸಲ. ಬೆಳಿಗ್ಗೆ ಶುದ್ಧವಾಗಿದ್ದ 3, ಮಧ್ಯಾಹ್ನ ಶುದ್ಧವಾದ 3, ಒಟ್ಟು 6 ಜನರಿಗೆ ಸಾಕಾಯಿತು. ಉಳಿದ 12 ಜನರ ಬಾಯಿಗೆ ಹೋದದ್ದು ಯಾವುದು?

ಈ ಲೆಕ್ಕ ಹಾಕಲು ಹಲ್ಲಿನ ಡಾಕ್ಟರೇ ಬೇಕಾಗಿಲ್ಲ. ಏಳನೇ ಕ್ಲಾಸಿನ ಹುಡುಗ ಸಾಕು. ತಪಾಸಣೆಗೆ ಬರುವ ಅಧಿಕಾರಿ ಮೂರು ಅಂಕಿ ಬರೆದುಕೊಂಡರೆ ಆಯಿತು. ನಿನ್ನೆಯ ರೋಗಿಗಳ ಸಂಖ್ಯೆ, ಕಪಾಟಿನಲ್ಲಿರುವ ಹ್ಯಾಂಡ್‌ಪೀಸುಗಳ ಸಂಖ್ಯೆ, ಆಟೋಕ್ಲೇವ್ ಓಡಿದ ಸಲ. ಮೂರೂ ಒಂದಕ್ಕೊಂದು ಕೂಡಿಬರದಿದ್ದರೆ ಗೋಡೆಯ ಮೇಲೆ ಎಷ್ಟು ಚೌಕಟ್ಟು ನೇತು ಹಾಕಿದರೂ ಪ್ರಯೋಜನವಿಲ್ಲ. ಲಾಗ್‌ಬುಕ್ ಸುಳ್ಳು ಬರೆಯಬಹುದಲ್ಲ ಅಂತೀರಾ? ಬರೆಯಬಹುದು. ಆದರೆ ಒಂದು ಸೈಕಲ್ಲಿಗೆ ತೊಳೆದು, ಎಣ್ಣೆ ಬಿಟ್ಟು, ಪೊಟ್ಟಣ ಕಟ್ಟಿ, ಓಡಿಸಿ, ಒಣಗಿಸಿ, ತಣಿಸಿ ಹೊರತೆಗೆಯಲು ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುತ್ತೆ. ಸಂಜೆ 5ರಿಂದ 9ರವರೆಗೆ ತೆರೆಯುವ ಕ್ಲಿನಿಕ್ಕಿನಲ್ಲಿ ಎಂಟು ಸೈಕಲ್ ಓಡಿದೆ ಅಂತ ಬರೆದಿದ್ದರೆ ಸುಳ್ಳು ತಾನಾಗಿಯೇ ಎದ್ದು ಕಾಣುತ್ತೆ. ಪೊಟ್ಟಣಗಳ ಖರೀದಿ ಬಿಲ್ಲು ಕೇಳಿದರೆ ಇನ್ನೂ ಸ್ಪಷ್ಟವಾಗುತ್ತೆ.

ನಾಲ್ಕನೆಯದು ನೀರು. ಹಲ್ಲಿನ ಕುರ್ಚಿಯೊಳಗೆ ಸಣ್ಣ ಸಣ್ಣ ಪೈಪುಗಳಿವೆ. ರಾತ್ರಿಯಿಡೀ ನೀರು ನಿಂತರೆ ಅದರ ಗೋಡೆಗೆ ಲೋಳೆ ಕಟ್ಟುತ್ತೆ, ಬ್ಯಾಕ್ಟೀರಿಯಾ ಮನೆ ಮಾಡುತ್ತೆ. ಇಟಲಿಯಲ್ಲಿ 2011ರಲ್ಲಿ 82 ವರ್ಷದ ಮಹಿಳೆಯೊಬ್ಬರು ಲೀಜನೆಲ್ಲಾ ನ್ಯುಮೋನಿಯಾದಿಂದ ತೀರಿಕೊಂಡರು. ಹುಡುಕಿದರೆ ಅವರು ಹೋಗಿದ್ದ ಹಲ್ಲಿನ ಕ್ಲಿನಿಕ್ಕಿನ ಕುರ್ಚಿಯ ನೀರಿನಲ್ಲಿ ಅದೇ ರೋಗಾಣು ಸಿಕ್ಕಿತು. ನಮ್ಮಲ್ಲಿ ಎಷ್ಟೋ ಕುರ್ಚಿಗಳಿಗೆ ನೇರ ಬೋರ್‌ವೆಲ್ ನೀರು, ಛಾವಣಿ ಮೇಲಿನ ಟ್ಯಾಂಕಿನಿಂದ. ಟ್ಯಾಂಕು ತೊಳೆದದ್ದು ಯಾವಾಗ ಅಂತ ಕಟ್ಟಡದ ಮಾಲೀಕನಿಗೇ ನೆನಪಿರುವುದಿಲ್ಲ. ಅಧಿಕಾರಿಗಳು ಒಂದು ಬಾಟಲಿ ನೀರು ಹಿಡಿದುಕೊಂಡು ಹೋಗಿ ಪ್ರಯೋಗಾಲಯಕ್ಕೆ ಕೊಟ್ಟರೆ ಸಾಕು. ಹೋಟೆಲಿನ ಸಾಂಬಾರಿನ ಸ್ಯಾಂಪಲ್ ತೆಗೆಯಬಹುದಾದರೆ ಇದನ್ನೇಕೆ ತೆಗೆಯಬಾರದು?

ಇವೆಲ್ಲದರ ಜತೆ ಇನ್ನೊಂದು ಕೆಲಸ ಆಗಬೇಕು. ಡಾಕ್ಟರನ್ನು ಮಾತ್ರ ಕೇಳಬೇಡಿ, ಸಹಾಯಕಿಯನ್ನು ಕೇಳಿ. ನಮ್ಮ ಕ್ಲಿನಿಕ್ಕುಗಳಲ್ಲಿ ಉಪಕರಣ ತೊಳೆಯುವವರು ಯಾರು? ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಮುಗಿಸಿದ ಹುಡುಗಿಯರು. ಕೆಲಸಕ್ಕೆ ಸೇರಿದ ದಿನ ಹಳೆಯ ಹುಡುಗಿ ಹೊಸ ಹುಡುಗಿಗೆ ಹೇಳಿಕೊಡುತ್ತಾಳೆ, ಅಷ್ಟೇ ತರಬೇತಿ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದೀರಾ ಅಂತ ಕೇಳಿದರೆ ಎಷ್ಟೋ ಮಾಲೀಕರು ಮುಖ ಮುಖ ನೋಡುತ್ತಾರೆ. ಸೂಜಿ ಚುಚ್ಚಿಸಿಕೊಳ್ಳುವವಳು ಅವಳು, ರಕ್ತದ ಇಕ್ಕಳ ಉಜ್ಜುವವಳು ಅವಳು. ಯಾವ ಉಪಕರಣ ಬೆಂದಿದೆ, ಯಾವುದು ನಲ್ಲಿ ಕೆಳಗೆ ಹಿಡಿದು ವಾಪಸ್ ಬಂದಿದೆ ಎನ್ನುವುದು ಇಡೀ ಕಟ್ಟಡದಲ್ಲಿ ಅವಳಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಅವಳನ್ನು ಒಂದು ಕಡೆ ಕರೆದು, ಡಾಕ್ಟರ್ ಇಲ್ಲದಾಗ, ಹತ್ತು ನಿಮಿಷ ಮಾತಾಡಿಸಬೇಕು. ಅವಳ ಕೆಲಸಕ್ಕೆ ಕುತ್ತು ಬರದಂತೆ ನೋಡಿಕೊಳ್ಳಬೇಕು.

ಇದು ನನ್ನ ಕಲ್ಪನೆ ಅಲ್ಲ. ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಅಂತ ಇದೆ, 2011ರಿಂದ ಹಲ್ಲಿನ ಕ್ಲಿನಿಕ್ಕುಗಳೂ ಅದರಲ್ಲಿ ನೋಂದಾಯಿಸಿಕೊಳ್ಳಬೇಕು. ನನ್ನ ಬ್ಯಾಚಿನ ಇಬ್ಬರು ಅಲ್ಲಿ ಕೆಲಸ ಮಾಡುತ್ತಿದ್ದಾರೆ. ಅದರ ತಪಾಸಕರು ಬರುತ್ತಾರೆ ಅಂದರೆ ಅವರಿಗೆ ನಡುಕ. ಆದರೂ 2014ರಲ್ಲಿ ನಾಟಿಂಗ್‌ಹ್ಯಾಮ್ ಊರಿನ ಒಬ್ಬ ಡಾಕ್ಟರ್ ಕೈಗವಸು ಬದಲಿಸದೆ, ಉಪಕರಣ ಶುದ್ಧ ಮಾಡದೆ ಕೆಲಸ ಮಾಡುತ್ತಿದ್ದದ್ದು ಬಯಲಿಗೆ ಬಂದದ್ದು ಗುಟ್ಟಾಗಿ ಚಿತ್ರೀಕರಿಸಿದ ವಿಡಿಯೊದಿಂದ. 22,000 ರೋಗಿಗಳನ್ನು ಪರೀಕ್ಷೆಗೆ ಕರೆಯಬೇಕಾಯಿತು. ಅಷ್ಟು ಗಟ್ಟಿ ವ್ಯವಸ್ಥೆ ಇರುವಲ್ಲೂ ಒಳಗಿನವರ ಮಾತು ಬೇಕಾಯಿತು ಅಂದಮೇಲೆ, ಏನೂ ಇಲ್ಲದ ನಮ್ಮಲ್ಲಿ?

ಈಗ ನನ್ನ ವೃತ್ತಿಬಾಂಧವರ ಆಕ್ಷೇಪಗಳಿಗೆ ಬರುತ್ತೇನೆ. ಅವರು ಹೇಳುವುದು ನನಗೆ ಮೊದಲೇ ಗೊತ್ತು, ಸಂಘದ ಸಭೆಗಳಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿದೆ.

ಒಂದು: ‘ಇದು ಇನ್ಸ್‌ಪೆಕ್ಟರ್ ರಾಜ್. ಬಂದವರು ಲಂಚ ತಿಂದು ಹೋಗುತ್ತಾರೆ.’ ಭಯ ಸುಳ್ಳಲ್ಲ. ಆದರೆ ಈಗಿನ ಗೋಡೆ ತಪಾಸಣೆಯಲ್ಲಿ ಲಂಚಕ್ಕೆ ಜಾಗ ಇಲ್ಲವೇ? ‘ಬೋರ್ಡಿನ ಅಳತೆ ಸರಿ ಇಲ್ಲ’ ಅಂತ ಹೇಳಿ ದುಡ್ಡು ಕೇಳುವುದು ಸುಲಭ. ಸ್ಪೋರ್ ಟೆಸ್ಟಿನ ಶೀಶೆ ಫೇಲಾದರೆ ಫೇಲು, ಪಾಸಾದರೆ ಪಾಸು. ಅದರ ಫಲಿತಾಂಶ ಪ್ರಯೋಗಾಲಯದಿಂದ ಬರುತ್ತೆ, ಜೀಪಿನಿಂದ ಇಳಿದವರ ಬಾಯಿಂದಲ್ಲ. ಅಳೆಯುವ ವಸ್ತು ಹೆಚ್ಚಾದಷ್ಟೂ ಚೌಕಾಶಿ ಕಡಿಮೆಯಾಗುತ್ತೆ. ಇನ್ನೊಂದು ಮದ್ದು, ವರದಿಯನ್ನು ಬಾಗಿಲಿಗೆ ಅಂಟಿಸುವುದು. ಇಂಗ್ಲೆಂಡಿನಲ್ಲಿ ತಪಾಸಣೆಯ ವರದಿಯನ್ನು ಯಾರು ಬೇಕಾದರೂ ಓದಬಹುದು. ನಮ್ಮಲ್ಲಿ ಅದು ಫೈಲಿನಲ್ಲಿ ಮಲಗುತ್ತೆ. ಮುಚ್ಚಿಟ್ಟದ್ದಕ್ಕೆ ಮಾತ್ರ ಲಂಚದ ಬೆಲೆ.

ಎರಡು: ‘ಖರ್ಚು ಎಲ್ಲಿಂದ ತರೋದು?’ ಇದು ನ್ಯಾಯವಾದ ಮಾತು, ಕೇಳಿಸಿಕೊಳ್ಳಬೇಕು. ನಮ್ಮ ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ವರ್ಷ ವರ್ಷ ಸಾವಿರಾರು ಜನ ಹೊರಬರುತ್ತಾರೆ, ಒಂದೇ ರಸ್ತೆಯಲ್ಲಿ ಆರು ಬೋರ್ಡು. ಪಕ್ಕದವನು ಮುನ್ನೂರಕ್ಕೆ ಹಲ್ಲು ಕಿತ್ತರೆ ನಾನು ಇನ್ನೂರೈವತ್ತಕ್ಕೆ ಕೀಳಬೇಕು. ಒಳ್ಳೆಯ ಆಟೋಕ್ಲೇವಿಗೆ ಲಕ್ಷದ ಆಸುಪಾಸು, ಒಂದೊಂದು ಹ್ಯಾಂಡ್‌ಪೀಸಿಗೂ ಕೆಲವು ಸಾವಿರ, ಬಿಸಿಗೆ ಅದರ ಬೇರಿಂಗ್ ಬೇಗ ಸವೆಯುತ್ತೆ. ಎಲ್ಲ ಸರಿ. ಆದರೆ ಉಳಿತಾಯ ಎಲ್ಲಿಂದ ಶುರುವಾಗುತ್ತೆ ನೋಡಿ. ರಿಸೆಪ್ಷನ್ನಿನ ಸೋಫಾದಿಂದ ಅಲ್ಲ, ಗೋಡೆಯ ಟೀವಿಯಿಂದ ಅಲ್ಲ, ಇನ್‌ಸ್ಟಾಗ್ರಾಮಿನ ಜಾಹೀರಾತಿನಿಂದಲೂ ಅಲ್ಲ. ರೋಗಿಯ ಕಣ್ಣಿಗೆ ಕಾಣದ ಕಡೆಯಿಂದ. ಪ್ರಾಮಾಣಿಕವಾಗಿ ಖರ್ಚು ಮಾಡುವ ಡಾಕ್ಟರ್ ಈ ಪೈಪೋಟಿಯಲ್ಲಿ ಸೋಲುತ್ತಾನೆ, ಯಾಕೆಂದರೆ ಅವನು ಮಾಡಿದ ಖರ್ಚು ಯಾರಿಗೂ ಕಾಣುವುದಿಲ್ಲ. ನಿಜವಾದ ತಪಾಸಣೆ ಬಂದರೆ ಮೊದಲು ಲಾಭ ಆಗುವುದು ಅವನಿಗೇ. ಅದನ್ನು ವಿರೋಧಿಸಿ ನಾವು ಯಾರ ಪರ ನಿಲ್ಲುತ್ತಿದ್ದೇವೆ ಅಂತ ಸಂಘದವರು ಒಮ್ಮೆ ಯೋಚನೆ ಮಾಡಲಿ.

ಮೂರು: ‘ಸರ್ಕಾರಿ ಆಸ್ಪತ್ರೆಗಳನ್ನು ಯಾಕೆ ಬಿಟ್ಟಿರಿ?’ ಇದಕ್ಕೆ ನನ್ನದು ಪೂರ್ತಿ ಸಹಮತ. ಕೆಪಿಎಂಇ ಹೆಸರೇ ಹೇಳುವಂತೆ ಖಾಸಗಿಗೆ ಮಾತ್ರ. ತಾಲ್ಲೂಕು ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ಕುರ್ಚಿ ಇದೆ, ಡಾಕ್ಟರ್ ಇದ್ದಾರೆ, ಕಂಪ್ರೆಸರ್ ಕೆಟ್ಟು ತಿಂಗಳುಗಟ್ಟಲೆ ಆಗಿರುತ್ತೆ, ಆಟೋಕ್ಲೇವನ್ನು ಆಪರೇಷನ್ ಥಿಯೇಟರಿನವರ ಹತ್ತಿರ ಬೇಡಬೇಕು. ಅಲ್ಲಿಗೆ ಬರುವ ಬಡವನ ರಕ್ತ ಬೇರೆಯೇ? ಅದೇ ನಮೂನೆ, ಅದೇ ಶೀಶೆ, ಅದೇ ಲೆಕ್ಕ ಅಲ್ಲಿಗೂ ಹೋಗಬೇಕು. ದಂತ ಕಾಲೇಜುಗಳಿಗೂ ಹೋಗಬೇಕು. ವಿದ್ಯಾರ್ಥಿ ಕಾಲೇಜಿನಲ್ಲಿ ಏನು ಕಂಡನೋ ಅದನ್ನೇ ತನ್ನ ಕ್ಲಿನಿಕ್ಕಿನಲ್ಲಿ ಮಾಡುತ್ತಾನೆ.

2017ರ ನವೆಂಬರಿನಲ್ಲಿ ಕೆಪಿಎಂಇ ತಿದ್ದುಪಡಿಯ ವಿರುದ್ಧ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನೆನಪಿರಬಹುದು. ಬೆಳಗಾವಿಯಲ್ಲಿ ಅಧಿವೇಶನ, ಹೊರಗೆ ಪ್ರತಿಭಟನೆ, ಊರೂರಲ್ಲಿ ಬಾಗಿಲು ಹಾಕಿದ ಕ್ಲಿನಿಕ್ಕು. ಆಗ ನಡೆದ ವಾದವೆಲ್ಲ ದರ ಯಾರು ನಿಗದಿ ಮಾಡಬೇಕು, ತಪ್ಪಿದವರಿಗೆ ಜೈಲಾಗಬೇಕೇ ಬೇಡವೇ ಅನ್ನುವುದರ ಸುತ್ತ. ಎರಡೂ ಕಡೆಯವರು ಗಂಟಲು ಹರಿಯುವಂತೆ ಮಾತಾಡಿದರು. ಉಪಕರಣ ಬೇಯಿಸುವುದರ ಬಗ್ಗೆ ಒಂದು ಗಟ್ಟಿ ಮಾತು ನನ್ನ ಕಿವಿಗೆ ಬೀಳಲಿಲ್ಲ. ಹಣದ ಜಗಳಕ್ಕೆ ರಾಜ್ಯವೇ ನಿಂತಿತು, ಸೋಂಕಿನ ವಿಷಯಕ್ಕೆ ಒಂದು ಸಭೆಯೂ ಆಗಲಿಲ್ಲ.

ಬೇಕಾದದ್ದು ಹೊಸ ಕಾಯ್ದೆ ಅಲ್ಲ. ಜಿಲ್ಲಾ ಮಟ್ಟದಲ್ಲಿ ಕೆಪಿಎಂಇ ಪ್ರಾಧಿಕಾರ ಈಗಾಗಲೇ ಇದೆ. ಅವರ ನಮೂನೆಗೆ ಒಂದು ಪುಟ ಸೇರಿಸಿ. ಸ್ಪೋರ್ ಟೆಸ್ಟ್, ಮೂರು ಅಂಕಿಗಳ ಲೆಕ್ಕ, ಕುರ್ಚಿಯ ನೀರಿನ ಸ್ಯಾಂಪಲ್, ತೆರೆದಿಟ್ಟ ಬಾಟಲಿಗಳು, ಸಹಾಯಕಿಯ ಲಸಿಕೆ, ರೋಗಿ ಕುಸಿದರೆ ಕೊಡಲು ಆಮ್ಲಜನಕ ಮತ್ತು ಅಡ್ರಿನಲಿನ್ ಇದೆಯೇ ಅನ್ನುವುದು. ಹೇಳದೆ ಬನ್ನಿ. ತಂಡದಲ್ಲಿ ಒಬ್ಬ ಹಲ್ಲಿನ ಡಾಕ್ಟರ್ ಇರಲಿ, ಬೇರೆ ತಾಲ್ಲೂಕಿನವರು. ಎಲ್ಲ ಕ್ಲಿನಿಕ್ಕಿಗೂ ಪ್ರತಿವರ್ಷ ಹೋಗಲು ಸಿಬ್ಬಂದಿ ಇಲ್ಲ ಅಂತೀರಾ, ಇಂಗ್ಲೆಂಡಿನಲ್ಲೂ ವರ್ಷಕ್ಕೆ ಸುಮಾರು ಹತ್ತರಲ್ಲಿ ಒಂದಕ್ಕೆ ಹೋಗುತ್ತಾರೆ. ಚೀಟಿ ಎತ್ತಿ ಹೋಗಿ. ಮೊದಲ ಸಲ ತಪ್ಪು ಸಿಕ್ಕರೆ ಸರಿಪಡಿಸಲು ಗಡುವು ಕೊಡಿ, ಬೀಗ ಜಡಿದು ಫೋಟೊ ತೆಗೆಸಿಕೊಳ್ಳಬೇಡಿ. ಎರಡನೇ ಸಲವೂ ಅದೇ ತಪ್ಪಾದರೆ ಮುಚ್ಚಿಸಿ. ಎರಡು ಸಲದ ವರದಿಯೂ ಬಾಗಿಲ ಮೇಲೆ, ಕನ್ನಡದಲ್ಲಿ.

ಸರ್ಕಾರ ಏಳುವವರೆಗೆ ನೀವು ಸುಮ್ಮನಿರಬೇಕಾಗಿಲ್ಲ. ಮುಂದಿನ ಸಲ ಕುರ್ಚಿಯಲ್ಲಿ ಒರಗುವ ಮುಂಚೆ ನಾಲ್ಕು ಮಾತು ಕೇಳಿ. ಉಪಕರಣದ ಪೊಟ್ಟಣವನ್ನು ನನ್ನೆದುರೇ ಒಡೆಯುತ್ತೀರಾ? ಈ ಹ್ಯಾಂಡ್‌ಪೀಸ್ ಹಿಂದಿನವರ ಬಾಯಿಂದ ನೇರ ಬಂತೋ, ಆಟೋಕ್ಲೇವಿನಿಂದ ಬಂತೋ? ಕೊನೆಯ ಸ್ಪೋರ್ ಟೆಸ್ಟ್ ಯಾವತ್ತು ಮಾಡಿದಿರಿ? ಸಲೈನ್ ಬಾಟಲಿ ಹೊಸದೇ? ಮುಜುಗರ ಪಡಬೇಡಿ. ತರಕಾರಿ ಕೊಳ್ಳುವಾಗ ಬದನೆಕಾಯಿಯನ್ನು ತಿರುಗಿಸಿ ಮುರುಗಿಸಿ ನೋಡುವ ಜನ ನಾವು, ಬಾಯೊಳಗೆ ಹೋಗುವ ಕಬ್ಬಿಣದ ಬಗ್ಗೆ ಕೇಳಲು ಸಂಕೋಚ ಯಾಕೆ? ಸರಿಯಾಗಿ ಕೆಲಸ ಮಾಡುವ ಡಾಕ್ಟರ್ ಖುಷಿಯಿಂದ ಒಳಕೋಣೆಗೇ ಕರೆದುಕೊಂಡು ಹೋಗಿ ತೋರಿಸುತ್ತಾನೆ. ‘ನನ್ನ ಮೇಲೆ ನಂಬಿಕೆ ಇಲ್ವಾ?’ ಅಂತ ಸಿಟ್ಟಾದರೆ, ಎದ್ದು ಬನ್ನಿ. ನಂಬಿಕೆ ಬೇರೆ, ಸ್ಪೋರ್ ಟೆಸ್ಟ್ ಬೇರೆ.

ಆರೋಗ್ಯ ಇಲಾಖೆಯವರಿಗೂ ಒಂದು ಮಾತು. ಶುರು ಎಲ್ಲಿಂದ ಮಾಡೋದು ಅಂತ ಗೊತ್ತಾಗದಿದ್ದರೆ ನನ್ನ ಕ್ಲಿನಿಕ್ಕಿನಿಂದಲೇ ಮಾಡಿ. ಹೇಳಿ ಬರಬೇಡಿ, ಹಾಗೇ ಬನ್ನಿ. ಗೋಡೆ ಕಡೆ ನೋಡಬೇಡಿ, ನೇರ ಒಳಕೋಣೆಗೆ ನಡೆಯಿರಿ. ಬರುವಾಗ ಒಂದು ಸ್ಪೋರ್ ಟೆಸ್ಟಿನ ಶೀಶೆ ಜೇಬಿನಲ್ಲಿ ಇರಲಿ.